ಮಡಕೆಚೂರಿನ ಮೀನುವಾಸನೆ

ದೆವ್ವ, ಭೂತ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವನಲ್ಲ. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ಯಾರಾದರೂ ಅಂಥ ಕಥೆ ತೆಗೆದರೆ "ಆಧಾರ ಎಲ್ಲೈತಿ?" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಯಾರಾದರೂ ನನ್ನನ್ನೇ ಆಧಾರ ಕೇಳಿದರೆ ಕೊಡಲು ಏನೂ ಇಲ್ಲ.

ತೊಂಬತ್ತರ ದಶಕದ ಕೊನೆ. ಒಂದು ವಿಚಾರಸಂಕಿರಣಕ್ಕೆ ಪ್ರಬಂಧ ಬರೆಯುತ್ತಿದ್ದೆ. ಬೇಸಾಯ ಶುರುವಾದ ಕಾಲದಲ್ಲಿ ಕಡಲತೀರದ ಜನ ಏನು ಉಣ್ಣುತ್ತಿದ್ದರು ಎಂಬುದು ವಿಷಯ. ನಾನೋ ಸಮುದ್ರವನ್ನೇ ನೋಡಿದವನಲ್ಲ. ಮೀನಿನ ವಾಸನೆ ಹೇಗಿರುತ್ತದೆಂದೂ ತಿಳಿಯದ ಮನೆತನ ನಮ್ಮದು. ಕರಾವಳಿಯಲ್ಲಿ ಮೇಷ್ಟ್ರಾಗಿದ್ದ ಗೆಳೆಯ, ಹಿಂದಿನ ಕಾಲದವರು ತಿಂದು ಎಸೆದ ಚಿಪ್ಪಿನ ರಾಶಿಯೊಂದರಲ್ಲಿ ಸಿಕ್ಕಿತೆಂದು ಮಸಿ ಹಿಡಿದ ಮಡಕೆಚೂರು ಕಳಿಸಿದ್ದ. ಅದನ್ನು ಮೇಜಿನ ಮೇಲಿಟ್ಟುಕೊಂಡು ಒಂದು ಬೆಳಿಗ್ಗೆ ಠೀವಿಯಿಂದ ಬರೆದೆ: "ಕಾಳುಕಡಿ ಬೆಳೆಯಲು ಕಲಿತೊಡನೆ ಈ ಜನ ಮೀನು, ಚಿಪ್ಪಿನಂಥ ಹೊಲಸು ಆಹಾರವನ್ನು ಬಿಟ್ಟುಬಿಟ್ಟರು." ಇದಕ್ಕೂ ಆಧಾರವಿರಲಿಲ್ಲ. ರೊಟ್ಟಿ ಸಿಕ್ಕ ಮೇಲೆ ಮೀನು ಯಾರಿಗೆ ಬೇಕು ಎಂದುಕೊಂಡಿದ್ದೆ, ಅಷ್ಟೇ.

ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಏನೋ ವಾಸನೆ. ಕೊಟ್ಟೂರಿನಿಂದ ಮಗಳನ್ನು ನೋಡಲು ಬಂದಿದ್ದ ನಮ್ಮತ್ತೆ ಆಗ ಪೂಜೆಗೆ ಕೂತಿದ್ದರು. ಲಿಂಗಪೂಜೆಯಾಗದೆ ಗುಟುಕು ನೀರೂ ಕುಡಿಯದವರು, ಮೂಗಿಗೆ ಸೆರಗು ಹಿಡಿದು ಎದ್ದುಬಿಟ್ಟರು. ಇಲಿ ಸತ್ತಿರಬೇಕೆಂದು ನಾನೂ ಹೆಂಡತಿಯೂ ಜೋಳದ ಚೀಲಗಳನ್ನೆಲ್ಲ ಎಳೆದಾಡಿದೆವು. ಎಲ್ಲೂ ಇಲ್ಲ. ಕೊನೆಗೆ ಪಕ್ಕದ ಮನೆಯ ಪಂಪ್‌ಸೆಟ್ ಮೆಕ್ಯಾನಿಕ್ ಹುಸೇನ್‌ಸಾಬರನ್ನು ಕರೆದೆ. ಅವರು ಹರೆಯದಲ್ಲಿ ಮಂಗಳೂರಿನ ದೋಣಿಗಳ ಇಂಜಿನ್ ರಿಪೇರಿ ಮಾಡಿದ್ದವರು.

ಅವರು ಬಾಗಿಲಲ್ಲೇ ಕಣ್ಣು ಮುಚ್ಚಿ ಉಸಿರೆಳೆದರು. "ಸರ, ಇದು ಮೀನು. ಹೊಳಿದಲ್ಲ, ಸಮುದ್ರದ್ದು. ಮಾಡಿದೋರು ಭಾರಿ ಚಲೋ ಮಾಡ್ಯಾರ, ಬಾಯಾಗ ನೀರು ಬರಾಕತ್ತೈತಿ!"

ನನ್ನ ಮಾನ ಅಲ್ಲಿಗೆ ಮುಗಿಯಿತು. ಅತ್ತೆ ಚೀಲ ತುಂಬತೊಡಗಿದರು. "ನಮ್ಮ ಹುಡುಗಿನ್ನೂ ಕರ್ಕಂಡು ಹೊಕ್ಕೀನಿ. ಇಂಥ ಮನ್ಯಾಗ ಪೂಜಿ ಹೆಂಗ ಮಾಡ್ಲಿ?" ಎಂದರು. ಹೆಂಡತಿ ನನ್ನ ಮುಖ ನೋಡಿದಳು. ನಾನೇ ಕದ್ದು ಮೀನು ತಂದಿದ್ದೇನೆಂಬ ಅನುಮಾನ ಅವಳ ಕಣ್ಣಿನಲ್ಲೂ ಇತ್ತು. ನನಗೆ ಅಳುವೇ ಬಂತು. ವಾಸನೆಯ ಜಾಡು ಹಿಡಿದು ಹುಸೇನ್‌ಸಾಬರು ನನ್ನ ಮೇಜಿನ ಹತ್ತಿರ ಹೋಗಿ ಮಡಕೆಚೂರು ಎತ್ತಿ ಹಿಡಿದರು.

ಅತ್ತೆ ಚೀಲ ಕೆಳಗಿಟ್ಟರು. ದೂರದಿಂದಲೇ ಅದನ್ನು ನೋಡಿ, "ಯಾವಾಕಿದೋ ಅಡಿಗಿ ಗಡಿಗಿ ಇದು. ಆಕಿ ಮಾಡಿದ್ದಕ್ಕ ನೀವೇನರ ಅಂದ್ರೇನು?" ಎಂದು ಕೇಳಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ನಾನು ಆ ವಾಕ್ಯವನ್ನು ಯಾರಿಗೂ ಓದಿ ಹೇಳಿರಲಿಲ್ಲ.

"ಹೊಲಸು ಅಂತ ಬರ್ದೀನ್ರಿ," ಎಂದೆ.

"ಮಕ್ಳಿಗೆ ಮಾಡಿ ಹಾಕಿದ್ದನ್ನ ಹೊಲಸು ಅಂದ್ರ ಯಾವಾಕಿ ಸುಮ್ಕಿರ್ತಾಳ? ತಪ್ಪಾತು ಅನ್ರಿ ಮೊದ್ಲು!"

ಎಂ.ಎ. ಮಾಡಿದವನು ಮಡಕೆಚೂರಿಗೆ ಕೈಮುಗಿದು "ತಪ್ಪಾತವ್ವಾ" ಎಂದೆ. ಆ ವಾಕ್ಯ ಹೊಡೆದುಹಾಕಿ, ಬಿತ್ತಲು ಕಲಿತ ಮೇಲೂ ಅವರು ಮೀನು ಬಿಟ್ಟಿರಲಿಕ್ಕಿಲ್ಲ ಎಂದು ಬರೆದೆ. ಪೂರ್ಣವಿರಾಮ ಇಡುವಷ್ಟರಲ್ಲಿ ವಾಸನೆ ಇರಲಿಲ್ಲ. ಹುಸೇನ್‌ಸಾಬರು ತುಸು ಬೇಸರದಿಂದಲೇ ಮನೆಗೆ ಹೋದರು. ಅತ್ತೆ ಪೂಜೆ ಮುಗಿಸಿ ಎರಡು ರೊಟ್ಟಿ ಉಂಡರು.

ಇದು ಹೇಗಾಯಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಚೂರು ಇನ್ನೂ ಮೇಜಿನ ಮೇಲಿದೆ. ಹೆಂಡತಿ ಮಾಡಿದ ಸಾರಿಗೆ ಉಪ್ಪು ಹೆಚ್ಚಾದ ದಿನ ಅದರ ಕಡೆ ಒಮ್ಮೆ ನೋಡಿ ಸುಮ್ಮನೆ ಉಣ್ಣುತ್ತೇನೆ.