ಪೀರಪ್ಪನ ನಡುಗೋಡೆ

ಕಲ್ಲು ಕಟ್ಟುವ ಪೀರಪ್ಪ ಕಮಲಾಪುರದವನು. ಪ್ಲೇಗು ಬಂದು ಹೋದ ಮರುವರ್ಷ ಕಲಬುರಗಿಯ ಊರಾಚೆ ಹೊಸ ಪ್ಲಾಟುಗಳು ಬಿದ್ದಾಗ, ಹೆಂಡತಿ ಶೇವಂತಾಳನ್ನೂ ತಮ್ಮ ತುಕಾರಾಮನ ಸಂಸಾರವನ್ನೂ ಕಟ್ಟಿಕೊಂಡು ಬಂದ. ಬಡವರಿಗೂ ಪ್ಲಾಟು ಕೊಡುತ್ತೇವೆಂದು ಡಂಗುರ ಸಾರಿದ್ದರು. ಡಂಗುರದವನು ಹೇಳದೆ ಬಿಟ್ಟ ಮಾತು ಹುಕುಮಿನಲ್ಲಿತ್ತು: ಒಂದು ಪ್ಲಾಟಿಗೆ ಒಂದೇ ಮನೆ, ಒಂದೇ ಸಂಸಾರ, ಮನೆ ಪೂರ್ತಿ ಕಲ್ಲಿನದು. ಒತ್ತೊತ್ತಾಗಿ ಇದ್ದರೆ ಬೇನೆ ಹಬ್ಬುತ್ತದಂತೆ. ಹಬ್ಬುತ್ತದೆ, ಸುಳ್ಳಲ್ಲ. ಆದರೆ ಅಷ್ಟು ಕಲ್ಲನ್ನು ಒಬ್ಬ ಕೂಲಿಯವನು ಎಲ್ಲಿಂದ ತಂದಾನು ಎಂಬುದು ಹುಕುಂ ಬರೆದ ಪುಣ್ಯಾತ್ಮರಿಗೆ ಹೊಳೆಯಲೇ ಇಲ್ಲ.

ಪೀರಪ್ಪನಿಗೆ ಹೊಳೆಯಿತು. ತನ್ನ ಹೆಸರಿಗೆ ಬಂದ ಪ್ಲಾಟಿನಲ್ಲಿ ನಡುವೆ ಒಂದೇ ಗೋಡೆ ಎಬ್ಬಿಸಿ, ಆಚೆ ತಮ್ಮನಿಗೆ, ಈಚೆ ತನಗೆ ಎಂದು ಎರಡು ಮನೆ ಕಟ್ಟಿದ. ಮೂರು ಬಂಡಿ ಕಲ್ಲು ಉಳಿಯಿತು. ಅಣ್ಣತಮ್ಮಂದಿರು ಹುಟ್ಟಿದ ಮೇಲೆ ಮೊದಲ ಸಲ ಸ್ವಂತ ಸೂರು ಕಂಡರು.

ಯಾರೋ ಚಾಡಿ ಹೇಳಿದರು. ಪ್ಲಾಟು ಕಚೇರಿಯ ಜವಾನ ಸಾಯಬಣ್ಣ ಒಂದು ಮಧ್ಯಾಹ್ನ ಓಡುತ್ತಾ ಬಂದ. "ನಾಳಿ ನಮ್ಮ ಕಚೇರಿ ಅಮೀನ ಸಾಹೇಬ್ರು ಒಲಿ ಎಣಸಾಕ ಬರ್ತಾರ. ಎರಡು ಒಲಿ ಅಂದ್ರ ಎರಡು ಸಂಸಾರ, ಪ್ಲಾಟು ಜಪ್ತಿ" ಎಂದು ಹೇಳಿ, ನಿಲ್ಲದೆ ಹೋದ.

"ನನ್ನ ಒಲಿ ಒಡೀತೀನಿ" ಎಂದಳು ತುಕಾರಾಮನ ಹೆಂಡತಿ ಸಾವಿತ್ರಿ. "ಎಲ್ಲಾರ್ದೂ ಒಂದ ಒಲಿ ಅಂತ ಹೇಳ್ರಿ."

"ಉರಿಯೋ ಒಲಿ ಒಡೀಬಾರದವ್ವ" ಎಂದ ಪೀರಪ್ಪ.

"ಮನಿ ಹೋದಮ್ಯಾಗ ಒಲಿ ತಗೊಂಡು ಏನ್ ಮಾಡ್ಲಿರೀ ಭಾವಾ?"

ಅಳುತ್ತಲೇ ಒಡೆದಳು. ಅಳುತ್ತಲೇ ಮಣ್ಣು ಹೊರಗೆ ಚೆಲ್ಲಿದಳು.

ಮರುದಿನ ಬಿಸಿಲೇರುವ ಹೊತ್ತಿಗೆ ಅಮೀನರು ಬಂದರು. ಈಚೆ ಮನೆಯಲ್ಲಿ ಶೇವಂತಾಳ ಒಲೆ ನೋಡಿದರು. ಆಚೆ ಮನೆಯಲ್ಲಿ ಒಲೆ ಇಲ್ಲ. ಹೊರಡಲು ತಿರುಗಿದವರು ಹಾಗೇ ನಿಂತರು. ಮೂಲೆಯಲ್ಲಿ ಒಂದು ಮೊಳ ನೆಲಕ್ಕೆ ಹಸಿ ಸಗಣಿ ಸಾರಿಸಿತ್ತು, ಅದರ ಮೇಲೆ ಎರಡೆಳೆ ರಂಗೋಲಿ. ದಿನಾ ಬೆಳಗ್ಗೆ ಒಲೆ ಸಾರಿಸಿ ರಂಗೋಲಿ ಎಳೆದು ರೂಢಿಯಾದ ಸಾವಿತ್ರಿಯ ಕೈ, ಒಲೆ ಇಲ್ಲದ ನೆಲಕ್ಕೂ ಎಳೆದುಬಿಟ್ಟಿತ್ತು.

"ಈ ಮೂಲ್ಯಾಗ ರಂಗೋಲಿ ಯಾಕ?"

ಸಾವಿತ್ರಿ ಸೆರಗು ಬಾಯಿಗೊತ್ತಿಕೊಂಡಳು. "ದೇವ್ರ ಜಾಗಾರೀ ಹುಜೂರ್" ಎಂದು ತುಕಾರಾಮ ತೊದಲಿದ.

"ಪ್ಲಾಟು ಪೀರಪ್ಪನ ಹೆಸರಿಗದ. ಅವ ಹೇಳ್ಲಿ. ಎಷ್ಟು ಒಲಿ?"

ಪೀರಪ್ಪನೂ ಹೂಂ, ದೇವರ ಜಾಗ ಎಂದಿದ್ದರೆ ಅಮೀನರು ಹೋಗಿಬಿಡುತ್ತಿದ್ದರೇನೋ. ಆದರೆ ಮನೆಯ ಹೆಣ್ಣುಮಗಳು ತನ್ನ ಮನೆಯಲ್ಲೇ ಕಳ್ಳಿಯಂತೆ ನಿಂತದ್ದು ಅವನಿಗೆ ಸಹಿಸಲಾಗಲಿಲ್ಲ.

"ಎರಡು ಇದ್ವುರೀ. ನಿನ್ನಿ ಒಂದು ಒಡದೀವಿ. ನಿಮ್ಮ ಕಾಗದದಾಗ ಈ ನಡುಗೋಡಿನೂ ಬರಕೋರಿ. ಇಬ್ಬರಿಗೆ ಒಂದ ಗೋಡಿ ಆದ್ರ ಮೂರು ಬಂಡಿ ಕಲ್ಲು ಉಳೀತದ. ಇಷ್ಟಕ್ಕ ಒಪ್ಪಿದ್ರ ನಮ್ಮಂಥಾವ್ರೂ ಮನಿ ಕಟ್ಕೋತಾರ."

ಅಮೀನರು ಗೋಡೆ ಮುಟ್ಟಿ ನೋಡಿದರು, ಅಳೆದರು, ಎಲ್ಲವನ್ನೂ ಬರೆದುಕೊಂಡರು. ಕೆಟ್ಟ ಮನುಷ್ಯನೇನಲ್ಲ. ಬರೆದುಕೊಂಡಾದ ಮೇಲೆ ಪ್ಲಾಟು ಜಪ್ತಿ ಮಾಡಿದರು. ಕಟ್ಟಿದ ಕೈಯಿಂದಲೇ ಪೀರಪ್ಪ ಗೋಡೆಗಳನ್ನು ಕೆಡವಬೇಕಾಯಿತು.

ಮರುವರ್ಷ ಹುಕುಂ ಬದಲಾಯಿತು. ಇನ್ನು ಮೇಲೆ ಅರ್ಧ ಪ್ಲಾಟೂ ಕೊಡುವುದು, ನಡುಗೋಡೆಗೆ ಪರವಾನಗಿ ಉಂಟು, ಅರ್ಧಕ್ಕೆ ಒಂದು ಸಂಸಾರ. ಮೂವತ್ತು ಕೂಲಿ ಸಂಸಾರಗಳಿಗೆ ಜಾಗ ಸಿಕ್ಕಿತು, ತುಕಾರಾಮನಿಗೂ ಸಿಕ್ಕಿತು. ಒಮ್ಮೆ ಜಪ್ತಿಯಾದವರ ದರಖಾಸ್ತು ತೆಗೆದುಕೊಳ್ಳುವುದಿಲ್ಲ ಎಂದು ಅದೇ ಹುಕುಮಿನ ಕೊನೆಗೆ ಬರೆದಿತ್ತು. ಇಂಥ ನ್ಯಾಯಕ್ಕೆ ಏನೆನ್ನಬೇಕೋ!

ಆ ಮನೆಗಳ ನಡುಗೋಡೆಗಳನ್ನೆಲ್ಲ ಪೀರಪ್ಪನೇ ಕಟ್ಟಿದ. ತಮ್ಮನದು ಕೊನೆಗೆ ಮುಗಿಯಿತು. ಅಂದೇ ಕಮಲಾಪುರದ ಬಂಡಿಗೆ ಗಂಟುಮೂಟೆ ಏರಿಸಿದ.

"ಇಲ್ಲೇ ಇರ್ರಿ ಅಕ್ಕಾ" ಎಂದು ಸಾವಿತ್ರಿ ಶೇವಂತಾಳ ಕೈ ಬಿಡಲಿಲ್ಲ. "ಇದ್ದ ಒಂದು ಖೋಲ್ಯಾಗ ಎಲ್ಲಾರೂ ಇರೂಣು."

ಶೇವಂತಾ ಹೊಸ ಒಲೆಯ ಕಡೆ ನೋಡಿದಳು. ಕಣ್ಣೀರು ತಡೆಯಲಿಲ್ಲ.

"ಬ್ಯಾಡವ್ವ" ಎಂದಳು. "ನಾವು ಇದ್ರ ಅವ್ರು ಮತ್ತ ಎಣಸಾಕ ಬರ್ತಾರ. ನೀ ಇನ್ನೊಮ್ಮಿ ಒಲಿ ಒಡ್ಯೋದು ನಾ ನೋಡಲಾರೆ."