ಅತ್ತೆ ಮೂರು ಸಲ ಕೇಳಿದ ಹೂವು

ಮೊನ್ನೆ ರಂಗಂಪೇಟೆಯ ಹಣಮಪ್ಪನ ಗುಡಿಯ ಮುಂದೆ ಯಾರೋ ಬುಟ್ಟಿ ತುಂಬ ಕಣಗಿಲೆ ಹೂ ಇಟ್ಟುಕೊಂಡು ಕೂತಿದ್ದರು. ಮೇಲೆ ನೀರು ಚಿಮುಕಿಸಿದ್ದರು. ಆ ಒದ್ದೆ ಹೂವಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಕಣಗಿಲೆಯ ವಾಸನೆಗೆ ಸಿಟ್ಟಾಗುವವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಅದಕ್ಕೆಲ್ಲ ನಮ್ಮ ಸೋದರತ್ತೆಯೇ ಕಾರಣ...

ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಶಹಾಪುರದಿಂದ ಸುರಪುರದ ನಮ್ಮ ಮನೆಗೆ ಬಂದು, ತಾಯಿಯಿಲ್ಲದ ನನ್ನನ್ನು ಬೆಳೆಸಿದಳು. ಅವಳ ಮಾತು ಮೀರಿ ಅಪ್ಪ ಒಂದು ಎಮ್ಮೆಯನ್ನೂ ಕೊಂಡವನಲ್ಲ. ಅವಳೋ, ದೇವರಲ್ಲಿ ಹೂ ಕೇಳದೆ ಏನನ್ನೂ ಮಾಡುವವಳಲ್ಲ. ಒದ್ದೆ ಹೂಗಳನ್ನು ದೇವರ ಮೈಗೆ ಹಚ್ಚಿ ಪ್ರಶ್ನೆ ಕೇಳುವುದು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಓಣಿಯ ಎಷ್ಟೋ ಮದುವೆಗಳು ಅತ್ತೆ ಕೇಳಿದ ಹೂವಿನ ಮೇಲೆಯೇ ನಿಶ್ಚಯವಾಗಿದ್ದವು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಹೈದರಾಬಾದಿನ ಡಾಕ್ಟರಿ ಕಾಲೇಜು ಸೇರುವ ಪರೀಕ್ಷೆ ಬರೆದು ಬಂದಿದ್ದೆ. ಪಾಸೂ ಆಗಿದ್ದೆ. ವಿಜ್ಞಾನದಲ್ಲಿ ಒಳ್ಳೆಯ ಅಂಕ, ಉರ್ದುವಿನಲ್ಲಿ ಮಾತ್ರ ಹೇಗೋ ಪಾರು. ಅದೇ ಅಂಕದ ಮೇಲೆ ದರಖಾಸ್ತು ಹಾಕಿದ್ದರೆ ಸೀಟು ಸಿಕ್ಕರೂ ಸಿಗುತ್ತಿತ್ತು. ಇಲ್ಲವೇ ಒಂದು ವರ್ಷ ಕಾದು, ಪರೀಕ್ಷೆ ಮತ್ತೊಮ್ಮೆ ಬರೆದು, ಆಮೇಲೆ ಹಾಕಬಹುದಿತ್ತು. ನನಗೆ ಕಾಯುವ ಮನಸ್ಸೇ ಇರಲಿಲ್ಲ. ಆದರೆ ದರಖಾಸ್ತಿಗೆ ಅಪ್ಪನ ಸಹಿ ಬೇಕು, ಅಪ್ಪನಿಗೆ ಅಕ್ಕನ ಒಪ್ಪಿಗೆ ಬೇಕು, ಅಕ್ಕನಿಗೆ ಹಣಮಪ್ಪನದು ಬೇಕು. ಗಡುವು ತಿಂಗಳ ಕೊನೆಗಿತ್ತು.

ಮೊದಲ ಶನಿವಾರ, ಹುಡುಗ ಈಗಲೇ ದರಖಾಸ್ತು ಹಾಕಬಹುದೇನಪ್ಪಾ ಎಂದು ಅತ್ತೆ ಕೇಳಿದಳು. ಬಲಗಡೆಯ ಹೂ ತಟ್ಟನೆ ಬಿತ್ತು. ನಾನು ಕೈಮುಗಿದು ಎದ್ದೇಬಿಟ್ಟೆ. ಹೂ ಸರಿಯಾಗಿ ಅಂಟಿರಲಿಲ್ಲ, ಜಾರಿದೆ, ಇದು ಲೆಕ್ಕಕ್ಕಿಲ್ಲ ಎಂದಳು ಅತ್ತೆ. ಎರಡನೆಯ ಶನಿವಾರ ಮಧ್ಯಾಹ್ನದವರೆಗೂ ಒಂದು ಹೂವೂ ಅಲುಗಲಿಲ್ಲ. ಪೂಜಾರಿ ಹಸಿದು ಗೊಣಗತೊಡಗಿದ. ಮೂರನೆಯ ಶನಿವಾರ ಮತ್ತೆ ಬಲಗಡೆಯದೇ ಬಿತ್ತು. ಆಗ ಅತ್ತೆ ಬಿದ್ದ ಹೂವನ್ನೇ ನೋಡುತ್ತ, ಇದು ದೇವರ ಬಲಗಡೆಯೋ ನಮ್ಮ ಬಲಗಡೆಯೋ ಎಂದು ಕೇಳಿದಳು. ಜನ್ಮವೆಲ್ಲ ಹೂ ಕೇಳಿದವಳಿಗೆ ಅಷ್ಟೂ ಗೊತ್ತಿರಲಿಲ್ಲವೇ? ಪೂಜಾರಿ ಹಣೆ ಚಚ್ಚಿಕೊಂಡ. ನನ್ನ ಪರೀಕ್ಷೆ ಹಾಗಿರಲಿ, ಪಾಪ, ಹಣಮಪ್ಪನೇ ವಾರವಾರ ಪರೀಕ್ಷೆಗೆ ಕೂತಂತಾಗಿತ್ತು.

ಮನೆಗೆ ಬಂದವನೇ ಕೂಗಾಡಿದೆ. ಕಡಿಮೆ ಬಿದ್ದದ್ದು ಉರ್ದುವಿನಲ್ಲಿ, ವಿಜ್ಞಾನದಲ್ಲಿ ಅಲ್ಲ, ರೋಗಕ್ಕೂ ಉರ್ದುವಿಗೂ ಏನು ಸಂಬಂಧ ಎಂದೆ. ಅತ್ತೆ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಆ ಕಾಲೇಜಿನಾಗ ಪಾಠ ಯಾವ ಭಾಷಾದಾಗ ಹೇಳ್ತಾರ?"

"ಉರ್ದುದಾಗ."

"ಮತ್ತ? ಅರ್ಧಾ ತಿಳದು, ಅರ್ಧಾ ಬಿಟ್ಟು ಬರಾಂವೇನು? ನಿಮ್ಮ ಮಾವಗ ಸೂಜಿ ಚುಚ್ಚಿ ಜೀವಾ ತಗದಾವನೂ ಪಾಸಾದಾವನ ಇದ್ದ." ಮೊರವನ್ನು ಮತ್ತೆ ಎತ್ತಿಕೊಂಡು ಹೇಳಿದಳು: "ಈಗ ಬ್ಯಾಡ ಅನ್ನೋ ಮಾತು ನನ್ನ ಬಾಯಿಲೆ ಬರಬಾರದಂತ ದೇವರಿಗೆ ಬಿಟ್ಟಿದ್ದೆ. ಅವನೂ ಹೇಳವಲ್ಲ."

ಅಪ್ಪ ಸಹಿ ಹಾಕಲಿಲ್ಲ. ಗಡುವು ಮುಗಿಯಿತು.

ವರ್ಷವಿಡೀ ಮುನ್ಶಿಯೊಬ್ಬರ ಮುಂದೆ ಕೂತು ಉರ್ದು ತಿದ್ದಿದೆ. ಕನಸೂ ಉರ್ದುವಿನಲ್ಲೇ ಬೀಳುವಷ್ಟು ಕಲಿತೆ. ಪರೀಕ್ಷೆಯ ಹೊತ್ತಿಗೆ ಎಲ್ಲೆಲ್ಲೂ ಗಲಾಟೆ. ಯಾದಗಿರಿಗೆ ಹೋಗಿ ರೈಲು ಹತ್ತಲು ಅಪ್ಪ ಬಿಡಲಿಲ್ಲ. ಎಲ್ಲ ತಣ್ಣಗಾಗುವಷ್ಟರಲ್ಲಿ ನಿಜಾಮರ ಆಳ್ವಿಕೆಯೇ ಮುಗಿದಿತ್ತು. ಆಮೇಲೆ ಕಾಲೇಜಿನ ಪಾಠಗಳು ಇಂಗ್ಲಿಷಿಗೆ ತಿರುಗಿದವು. ಇಂಗ್ಲಿಷಿನಲ್ಲಿ ನಾನು ನನ್ನ ಮೊದಲಿನ ಉರ್ದುವಿಗಿಂತ ಕಡೆ! ಇನ್ನೊಂದು ವರ್ಷ ಕೂತು ಓದುವ ತಾಕತ್ತು ನನ್ನಲ್ಲೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ. ಹಳೆಯ ಉರ್ದು ಜಮೀನು ಕಾಗದಗಳನ್ನು ಕಚೇರಿಯಲ್ಲಿ ಓದಿ ಹೇಳುವುದೇ ನನ್ನ ಹೊಟ್ಟೆಪಾಡಾಯಿತು. ಅತ್ತೆಗೆ ಅದೂ ಹಣಮಪ್ಪನ ಕೃಪೆಯೇ. ಆ ಮಾತು ಕೇಳಿದಾಗಲೆಲ್ಲ ಹಲ್ಲು ಕಡಿದುಕೊಂಡು ಎದ್ದು ಹೋಗುತ್ತಿದ್ದೆ.

ಅವಳು ಹಾಸಿಗೆ ಹಿಡಿದಾಗ ಯಾದಗಿರಿಯಿಂದ ಹೊಸ ಡಾಕ್ಟರನ್ನು ಕರೆಸಿದೆ. ಸೂಜಿ ನೋಡಿದ್ದೇ ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಇವರು ಚೆನ್ನಾಗಿ ಕಲಿತು ಪಾಸಾದವರೋ ಹೇಗೆ, ಮೊದಲು ಕೇಳು ಎಂದು ಹಟ ಹಿಡಿದಳು. ಡಾಕ್ಟರ ಎದುರು ನನಗೆ ನಾಚಿಕೆ, ಸಿಟ್ಟು ಎರಡೂ. ಗದರಿಸಿದೆ. ಅತ್ತೆ ನನ್ನ ಮುಖವನ್ನೇ ನೋಡಿದಳು.

"ನೀ ಡಾಕ್ಟರ್ ಆಗಿದ್ದರ ಕೇಳತಿದ್ದಿಲ್ಲ ನೋಡು," ಎಂದಳು.



ಮೊನ್ನೆ ಹೂವಿನವಳು ಬೊಗಸೆ ಕಣಗಿಲೆ ಎತ್ತಿ, ಏನಾದರೂ ಕೇಳುವುದಿದೆಯೇ ಎಂದಳು. ಇಲ್ಲವೆಂದು ಮುಂದೆ ನಡೆದೆ. ಓಣಿ ತಿರುಗುವವರೆಗೂ ಸಿಟ್ಟು ಇಳಿಯಲಿಲ್ಲ. ಮನೆಗೆ ಹೋಗಿ ಯಾರ ಮೇಲೆ ಕೂಗಾಡಲಿ? ಅತ್ತೆ ಇಲ್ಲ.