ಊರಿಗೊಂದು ಪೈಥಾನ್ ಫೈಲು

ಈಗಲೂ ನೆನೆದರೆ ಮೈ ಉರಿಯುತ್ತದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೇಲೂರಿನಲ್ಲಿ, ಸುತ್ತಲ ಊರುಗಳಿಂದ ಹಾಲು ಕೊಳ್ಳುವ ಒಂದು ಖಾಸಗಿ ಡೈರಿಯ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಹಗರೆಯ ಹಾಲು ಸಂಗ್ರಹ ಕೇಂದ್ರಕ್ಕೆಂದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಂ ಬರೆದೆ. ಹಾಲಿನಲ್ಲಿ ತೇಲಿಬಿಟ್ಟು ಅದರ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರಿನ ಅಂಕಿ ಕೊಟ್ಟರೆ ಹಾಲಿಗೆ ನೀರು ಬೆರೆತಿದೆಯೋ ಇಲ್ಲವೋ ಹೇಳುತ್ತಿತ್ತು. ಗೆಂಡೆಹಳ್ಳಿಯವರೂ ಕೇಳಿದರು, ಕಣಕಟ್ಟೆಯವರೂ ಕೇಳಿದರು. ಲೆಕ್ಕದ ಭಾಗವನ್ನು ಒಂದೇ ಕಡೆ, ಎಲ್ಲರೂ ಹಂಚಿಕೊಳ್ಳುವ ಮಾಡ್ಯೂಲ್ ಮಾಡಿ ಇಡುತ್ತೇನೆ, ಎಲ್ಲ ಊರಿಗೂ ಅದೇ ಸಾಕು ಎಂದೆ. ಗೆಂಡೆಹಳ್ಳಿಯ ಹಿರಿಯರೊಬ್ಬರು ಮುಖ ಗಂಟಿಕ್ಕಿದರು.

"ಹಗರೆಯೋರ ಲೆಕ್ಕ ನಮ್ಮೂರಿಗ್ಯಾಕ್ರೀ? ನಮ್ದು ನಮ್ಗೆ ಬ್ಯಾರೆ ಇರ್ಲಿ."

"ಕೇಳಿದಂಗೆ ಮಾಡ್ಕೊಟ್ಬಿಡ್ರೀ, ನಿಮ್ಗೇನ್ ಕಷ್ಟ?" ಎಂದರು ನಮ್ಮ ಮ್ಯಾನೇಜರು.

ಹಗರೆಯ ಫೈಲನ್ನೇ ನಕಲು ಮಾಡಿ ಊರೂರಿಗೂ ಕೊಟ್ಟೆ. ವರ್ಷದೊಳಗೆ ಊರಿಗೊಂದು ಫೈಲು, ಒಂದೊಂದರ ಬೆನ್ನಿಗೂ 'ಹೊಸದು', 'ಇನ್ನೂ ಹೊಸದು', 'ಇದೇ ಸರಿ' ಎಂಬ ಬಾಲಗಳು. ಯಾವುದು ಎಲ್ಲಿ ಓಡುತ್ತಿದೆಯೋ ದೇವರಿಗೇ ಗೊತ್ತು.

ಬೆಚ್ಚಗಿನ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಹೆಚ್ಚು ಮುಳುಗುತ್ತದೆ, ಗಟ್ಟಿ ಹಾಲೂ ತೆಳುವೆಂದು ತೋರುತ್ತದೆ. ಹಗರೆಯಿಂದ ಹಾಗೆಂದು ದೂರು ಬಂದಾಗ ಹಾಲಿನ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯುವ ಸಾಲುಗಳನ್ನು ಅಲ್ಲಿನ ಫೈಲಿಗೆ ಸೇರಿಸಿದೆ. ಗೆಂಡೆಹಳ್ಳಿಯದನ್ನು ಮರೆತೆ.

ಒಂದು ಬೆಳಿಗ್ಗೆ ಗೆಂಡೆಹಳ್ಳಿಯ ಹೆಂಗಸೊಬ್ಬರು ಬಸ್ಸು ಹತ್ತಿ ನೇರ ಆಫೀಸಿಗೆ ಬಂದರು. ಅವರ ಮನೆ ಕೇಂದ್ರದ ಗೋಡೆಗೆ ಅಂಟಿಕೊಂಡೇ ಇತ್ತು. ಕರೆದ ಹಾಲನ್ನು ಆರುವ ಮೊದಲೇ ತಂದು ಕೊಡುತ್ತಿದ್ದರು. ಎಲ್ಲರಿಗಿಂತ ತಾಜಾ ಹಾಲಿಗೇ ನನ್ನ ಪ್ರೋಗ್ರಾಂ ನಾಲ್ಕು ದಿನ ಸತತವಾಗಿ 'ನೀರು' ಎಂದಿತ್ತು! ನೀರು ಹಾಕಿದವರ ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆದು, ಸಾಲಿನಲ್ಲಿ ನಿಂತವರೆದುರು ಓದಿ ಹೇಳುವುದು ಆ ಕೇಂದ್ರದ ರೂಢಿ. ಇವರ ಹೆಸರನ್ನೂ ಓದಿದ್ದರು.

"ನೀರು ಕುಡಿಯೋದು ನನ್ನ ಹಸ ಸ್ವಾಮಿ. ಹಾಲಿಗೆ ನಾನ್ ಒಂದ್ ತೊಟ್ಟೂ ಹಾಕಿಲ್ಲ" ಎಂದರು.

ಮ್ಯಾನೇಜರು ತಲೆ ಎತ್ತಲಿಲ್ಲ. "ಕಂಪ್ಯೂಟರ್ ಸುಳ್ಳು ಹೇಳುತ್ತೇನಮ್ಮಾ?"

ನನಗೆ ರೇಗಿಹೋಯಿತು. ಕಂಪ್ಯೂಟರ್ ಅಂತೆ! ಫೈಲು ತೆರೆದೆ, ಬಿಸಿಯ ಲೆಕ್ಕ ಇರಲಿಲ್ಲ. ಮ್ಯಾನೇಜರ ಮೇಲಿನ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು. ಅಂದು ಯಾರನ್ನೂ ಕೇಳದೆ ನಕಲುಗಳನ್ನೆಲ್ಲ ಅಳಿಸಿ, ಲೆಕ್ಕವನ್ನು ಒಂದೇ ಮಾಡ್ಯೂಲಿಗೆ ತಂದೆ. ಯಾವ ಊರಿನ ಮರ್ಯಾದೆಯೂ ಹೋಗಲಿಲ್ಲ.

"ಹಲಗೆ ಒರೆಸಿದ್ರಾಯ್ತು, ಊರೆಲ್ಲಾ ಹೇಳ್ಕೊಂಡು ತಿರುಗ್ಬೇಡಿ" ಎಂದರು ಮ್ಯಾನೇಜರು. ನಾನು ಕೇಳಲಿಲ್ಲ. ಮರುದಿನ ಹಾಲು ಹಾಕುವ ಹೊತ್ತಿಗೆ ಗೆಂಡೆಹಳ್ಳಿಗೆ ಹೋಗಿ, ಹಲಗೆಯಲ್ಲಿ ಅವರ ಹೆಸರಿನ ಕೆಳಗೆ, ತಪ್ಪು ಡೈರಿಯದು, ಹಾಲು ಶುದ್ಧವಾಗಿದೆ ಎಂದು ಬರೆದು, ಪೆಟ್ಟಿಗೆಯಲ್ಲಿ ಸೀಮೆಸುಣ್ಣ ಇಟ್ಟು ಹೊರಟೆ.

ಸಾಲಿನಲ್ಲಿದ್ದ ಆಕೆ ತಡೆದರು. "ನಂಗೆ ಓದೋಕ್ ಬರಾಕಿಲ್ಲ. ಅವತ್ತು ಕೂಗಿ ಓದಿದ್ರು. ನೀವೂ ಕೂಗಿ ಓದಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಲಗೆಯತ್ತ ತಿರುಗಿದೆ. ಹಲಗೆಯಲ್ಲಿ ತಪ್ಪು ಡೈರಿಯದು ಎಂದಿತ್ತು. ನಾನು ಓದಿದ್ದು, ತಪ್ಪು ನನ್ನದು ಎಂದು.